ಆನೆ ಗುಳಿಗೆಯನ್ನು ವಾಪಸು ಕೇಳಿದ ಪಂಡಿತರು

ನಾನು ಗಜೇಂದ್ರಗಡದ ದವಾಖಾನೆಗೆ ಲೇಡಿ ಡಾಕ್ಟರಾಗಿ ಹೋದ ಮೊದಲ ವಾರದ ಮಾತು. ಎರಡು ಸಾವಿರದ ಮೂರನೆಯ ಇಸವಿ ಇರಬೇಕು. ಮುಂಜಾನೆ ಹತ್ತಕ್ಕೆ ಹೊರಗೆ ಬೆಂಚುಗಳ ಮೇಲೆ ಮೂವತ್ತು ಜನ ರೋಗಿಗಳಿದ್ದರು. ಹತ್ತೂವರೆಗೆ ನೋಡಿದರೆ ಹನ್ನೆರಡೇ ಜನ. ನಾನಿನ್ನೂ ನಾಲ್ವರನ್ನು ನೋಡಿ ಮುಗಿಸಿರಲಿಲ್ಲ. ಉಳಿದವರು ಎಲ್ಲಿ ಹೋದರೆಂದು ಎದ್ದು ಬಂದೆ. ಗೇಟಿನ ಪಕ್ಕದ ಬೇವಿನ ಗಿಡದ ಕೆಳಗೆ ಬಿಳಿ ಧೋತರ, ಕರಿ ಕೋಟು, ಹುರಿಗೊಳಿಸಿದ ಮೀಸೆಯ ಅರವತ್ತೈದರ ಆಸುಪಾಸಿನ ಹಿರಿಯರೊಬ್ಬರು ನನ್ನ ರೋಗಿಗಳ ಮಣಿಕಟ್ಟು ಹಿಡಿದು ಕೂತಿದ್ದರು.

"ನೀವ್ಯಾರ್ರಿ?" ಎಂದೆ, ಸಿಟ್ಟಿನಿಂದಲೇ.

"ನಿಮ್ಮ ಕೆಲಸ ಹಗುರ ಮಾಡಾಕ ಬಂದೇನ್ರಿ ಬಾಯಾರ. ಸಣ್ಣಪುಟ್ಟ ಜಡ್ಡ ನಾ ನೋಡ್ತೇನಿ. ಕೊಯ್ಯೂದು, ಹೊಲಿಯೂದು ಇದ್ರ ನೀವ ನೋಡ್ರಿ."

ಅವರೇ ಪಂಡಿತರು, ಊರಿನ ನಾಟಿ ವೈದ್ಯರು. ಹೆಸರು ಬರೆಯುವುದಿಲ್ಲ, ಅವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಊರು ಕೂಡ ಅವರನ್ನು ಎಂದೂ ಹೆಸರು ಹಿಡಿದು ಕರೆದದ್ದಿಲ್ಲ. ಹೋದ ತಿಂಗಳು ಬಸ್ ಸ್ಟ್ಯಾಂಡಿನ ಹತ್ತಿರದ ಟೇಲರ್ ಮೌಲಾಸಾಬ ಫೋನ್ ಮಾಡಿ, ಪಂಡಿತರು ಹೋದರೆಂದು ತಿಳಿಸಿದ. ಎಂಬತ್ತು ದಾಟಿತ್ತಂತೆ. "ಮಾತಾಡ್ಕೋತ ಮಾತಾಡ್ಕೋತನ ಹೋದ್ರಿ ಬಾಯಾರ. ಅರ್ಧಾ ಮಾತ ಅಲ್ಲೇ ಉಳೀತು" ಎಂದ. ಫೋನಿನಲ್ಲಿ ಇಬ್ಬರೂ ಸ್ವಲ್ಪ ಅತ್ತೆವು, ಆಮೇಲೆ ಇಬ್ಬರೂ ನಕ್ಕೆವು. ಅವರನ್ನು ನೆನೆಸಿಕೊಂಡು ಬರೀ ಅಳುವುದು ಸಾಧ್ಯವೇ ಇಲ್ಲ.

ಪಂಡಿತರ ನಾಡಿ ಪರೀಕ್ಷೆ ರೋಣ, ನರಗುಂದದವರೆಗೂ ಪ್ರಸಿದ್ಧವಾಗಿತ್ತು. ಮಣಿಕಟ್ಟು ಹಿಡಿದು, ಕಣ್ಣು ಮುಚ್ಚಿ, ಒಂದು ಗಳಿಗೆ ತಡೆದು, "ನಿನ್ನಿ ಬದ್ನಿಕಾಯಿ ಉಂಡೀಯಲ್ಲ?" ಎನ್ನುವರು. ರೋಗಿ ಬೆಕ್ಕಸಬೆರಗಾಗಿ ಹೌದೆನ್ನುವನು. ಆ ಸೀಮೆಯಲ್ಲಿ ಬದನೆಕಾಯಿ ಉಣ್ಣದ ದಿನವೇ ಇಲ್ಲ ಎಂಬುದು ನನಗೆ ಹೊಳೆಯಲು ತಿಂಗಳೇ ಬೇಕಾಯಿತು. ಅದನ್ನೇ ಹಿಡಿದು ಕೇಳಿದಾಗ ಪಂಡಿತರು ನಾಚಲಿಲ್ಲ. "ಮೊದಲ ನಂಬಿಗಿ ಹುಟ್ಟಬೇಕ್ರಿ. ನೀವು ಕೊಳ್ಳಾಗ ಆ ನಳಿಗಿ ಹಾಕ್ಕೊಂಡ ಅಡ್ಡಾಡ್ತೀರಲ್ಲ, ಅದೂ ಬದ್ನಿಕಾಯೀನ" ಎಂದು ನನ್ನ ಸ್ಟೆತಾಸ್ಕೋಪ್ ತೋರಿಸಿದರು.

ಸುಮ್ಮನಿರುವುದು ಅವರಿಗೆ ಒಗ್ಗುತ್ತಲೇ ಇರಲಿಲ್ಲ. ಚಹಾ ಕುಡಿಯುವಾಗಲೂ ಬಸಿಯನ್ನು ತುಟಿಯಿಂದ ಇಳಿಸಿ ಇಳಿಸಿ ಮಾತಾಡುವರು. ಚಹಾ ಆರಿ ಹೋಗುವುದು. ಆರಿದ ಚಹಾದ ಗುಣಾವಗುಣಗಳ ಬಗ್ಗೆ ಮತ್ತಷ್ಟು ಮಾತು. ರೋಣದ ಬಸ್ಸಿನಲ್ಲಿ ಅವರ ಪಕ್ಕದ ಸೀಟು ಯಾವಾಗಲೂ ಖಾಲಿ ಇರುತ್ತಿತ್ತೆಂದು ಕಂಡಕ್ಟರ್ ಹೇಳುತ್ತಿದ್ದ. ಅವರಿಗೆ ಅದರಿಂದ ಏನೂ ತೊಂದರೆಯಾಗುತ್ತಿರಲಿಲ್ಲ. ಹಿಂದಿನ ಸೀಟಿಗೆ ತಿರುಗಿ ಕೂತು ಮಾತಾಡುತ್ತಿದ್ದರು.

ಇಂಥವರ ಕೀರ್ತಿಯೆಲ್ಲ ನಿಂತದ್ದು ಒಂದು ಕೆಂಪು ಗುಳಿಗೆಯ ಮೇಲೆ. ತಗಡಿನ ಸಣ್ಣ ಡಬ್ಬಿ, ಅದರ ಮುಚ್ಚಳದ ಮೇಲೆ ಊರಿನ ಬೋರ್ಡ್ ಪೇಂಟರ್ ಬರೆದ ಆನೆಯ ಚಿತ್ರದ ಚೀಟಿ. ಸೊಂಡಿಲನ್ನು ಬೆರಳಿನಿಂದ ಮುಚ್ಚಿ ನೋಡಿದರೆ ಅದು ಹಂದಿ. ಆದರೂ ಜನ ಭಕ್ತಿಯಿಂದ ಅದನ್ನು ಆನೆ ಗುಳಿಗೆ ಎಂದೇ ಕರೆಯುತ್ತಿದ್ದರು. ಮೊಳಕಾಲು ನೋವು, ನಿಶ್ಶಕ್ತಿ, ಬಾಣಂತಿಯರ ಸೊಂಟ, ಎಲ್ಲದಕ್ಕೂ ಅದೇ. ಇನ್ನೊಂದು ವಿಷಯಕ್ಕೂ ಅದೇ. ಅದನ್ನು ಕೇಳಲು ಬರುವ ಗಂಡಸರು ಮೊದಲು ಮಳೆ ಬೆಳೆಯ ಸುದ್ದಿ ಮಾತಾಡಿ, ಆಮೇಲೆ ಕೆಮ್ಮಿ, ಕೊನೆಗೆ "ನಮ್ಮ ಗೆಳ್ಯಾಗ ಬೇಕಾಗೇತ್ರಿ" ಎನ್ನುತ್ತಿದ್ದರು.

ನನಗೂ ಆ ಡಬ್ಬಿ ಗೊತ್ತಿತ್ತು. ಸುಂಠಿ, ಬೆಲ್ಲ ಇರಬಹುದೆಂದು ಸುಮ್ಮನಿದ್ದೆ. ಸುಮ್ಮನಿದ್ದದ್ದು ನನ್ನ ತಪ್ಪು.

ಮುಂದಿನ ವರ್ಷದ ಬೇಸಿಗೆಯಲ್ಲಿ ಟೇಲರ್ ಮೌಲಾಸಾಬ ಹೊಟ್ಟೆ ಹಿಡಿದುಕೊಂಡು ದವಾಖಾನೆಗೆ ಬಂದ. ಹೊಟ್ಟೆ ನುಲಿಯುತ್ತಿತ್ತು, ಐದಾರು ದಿನಗಳಿಂದ ಸಂಡಾಸಾಗಿರಲಿಲ್ಲ, ಮುಖ ಬಿಳಿಚಿತ್ತು. ಅದಕ್ಕಿಂತ ಹೆಚ್ಚಾಗಿ ಅವನು ಹೆದರಿದ್ದು ತನ್ನ ಬಲಗೈಗೆ.

"ಕತ್ರಿ ಕೈಯಾಗ ನಿಲ್ಲವಲ್ದ್ರಿ ಬಾಯಾರ. ಎತ್ತಾಕ ಹೋದ್ರ ಮುಂಗೈ ಜೋತ ಬೀಳತೈತಿ" ಎಂದು ಕೈ ಚಾಚಿದ. ಬಾಡಿದ ಹೂವಿನ ದೇಟಿನ ಹಾಗೆ ಅಂಗೈ ಕೆಳಕ್ಕೆ ಇಳಿಬಿತ್ತು. ಕೈಯೇ ಅನ್ನ ಹಾಕುವ ಮನುಷ್ಯ ಅವನು. ಬಾಯಿ ತೆರೆಸಿದೆ. ಹಲ್ಲಿನ ಬುಡಕ್ಕೆ, ಒಸಡಿನ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಎಳೆದಂಥ ನೀಲಿ ಗೆರೆ. ಸೀಸದ ವಿಷದ ಈ ಗೆರೆಯನ್ನು ಪುಸ್ತಕದಲ್ಲಿ ಓದಿದ್ದೆ, ಕಂಡಿರಲಿಲ್ಲ.

"ಬ್ಯಾಟರಿ ಕೆಲಸ ಮಾಡ್ತೀಯೇನು? ಬಣ್ಣದ ಕೆಲಸ?"

"ಇಲ್ರಿ. ಹೊಲಿಗಿ ಬಿಟ್ಟ ಬ್ಯಾರೆ ಗೊತ್ತಿಲ್ಲ."

"ಏನರ ಔಷಧ ತಗೋತೀಯೇನು?"

ಅವನು ಗೋಡೆ ನೋಡಿದ. ಹಿಂದೆ ನಿಂತ ಹೆಂಡತಿ ಮುಮ್ತಾಜ್ ತಡೆಯಲಿಲ್ಲ. "ಹೇಳ್ರಿ ಬಾಯಾರ ಮುಂದ! ಆನಿ ಗುಳಿಗಿ ನುಂಗ್ತಾರ್ರಿ, ಮೊಳಕಾಲಿಗೆ ಅಂತ. ಒಂದ ಹೇಳ್ಯಾರ, ಇವರು ಎರಡ ನುಂಗ್ತಾರ. ಲಗೂ ಆರಾಮ ಆಗ್ಲಿ ಅಂತ."

ಅವನನ್ನು ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕಳಿಸಿದೆ. ಅವನ ರಕ್ತವನ್ನೂ ನಾಲ್ಕು ಗುಳಿಗೆಗಳನ್ನೂ ದೂರದ ಪ್ರಯೋಗಾಲಯಕ್ಕೆ ಕಳಿಸಿದೆ. ಉತ್ತರ ಬರಲು ವಾರಗಳೇ ಹಿಡಿದವು. ಗುಳಿಗೆಯಲ್ಲಿ ಸೀಸ ಇತ್ತು. ಅದರ ಜೊತೆಗೆ ಆರ್ಸೆನಿಕ್, ನಮ್ಮವರು ಪಾಷಾಣ ಎನ್ನುವುದು, ಅದೂ ಇತ್ತು.

ಪಂಡಿತರನ್ನು ಕರೆಸಿದೆ. ಜಗಳಕ್ಕೆ ಸಿದ್ಧವಾಗಿ ಕೂತಿದ್ದೆ. ಅವರು ಕಾಗದ ನೋಡಿ ಹೆಮ್ಮೆಯಿಂದ ನಕ್ಕರು.

"ಇಷ್ಟಕ್ಕ ಅಷ್ಟ ದೂರ ಕಳಿಸಿದ್ರೇನ್ರಿ? ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಸೀಸಾ ನಾನ ಹಾಕೇನಿ. ಮನಶಿಲಾ, ನೀವು ಪಾಷಾಣ ಅಂತೀರಲ್ಲ, ಅದನ್ನೂ ನಾನ ಹಾಕೇನಿ. ಆದ್ರ ಸುಟ್ಟ ಸುಟ್ಟ ಅದರ ವಿಷ ತಗದೇನಿ. ನಮ್ಮ ಗುರುಗಳು ಕಲಿಸಿದ್ದು."

"ಸುಟ್ರ ರೂಪ ಬದಲಾಗತೈತ್ರಿ ಪಂಡಿತ್ರ. ಸೀಸಾ ಎಲ್ಲೂ ಹೋಗಂಗಿಲ್ಲ."

ಅವರು ನಂಬಲಿಲ್ಲ. ಮೌಲಾಸಾಬನ ರಕ್ತದ ಗಾಜಿನ ಪಟ್ಟಿ ನನ್ನ ಬಳಿ ಇತ್ತು. ಸೂಕ್ಷ್ಮದರ್ಶಕದ ಮುಂದೆ ಅವರನ್ನು ಕೂರಿಸಿದೆ. ಬಹಳ ಹೊತ್ತು ಬಗ್ಗಿ ನೋಡಿ, "ಏನೋ ಕರೆ ಕರೆ ಕಡ್ಡಿ ಕಾಣ್ತಾವ್ರಿ. ಇವ ಏನ ಸೀಸಾ?" ಎಂದರು.

"ಅವು ನಿಮ್ಮ ರೆಪ್ಪಿ ಕೂದಲ್ರಿ. ಕಣ್ಣ ಪೂರಾ ತಗೀರಿ."

ಮತ್ತೆ ನೋಡಿದರು. ಈ ಸಲ ಮಾತು ನಿಧಾನವಾಯಿತು. "ಕೆಂಪು ಚಕ್ಕುಲಿ ಹಂಗ ಅದಾವು. ಅದರ ಮ್ಯಾಲ ಯಾರೋ ನೀಲಿ ಸಾಸ್ವಿ ಉದರ್ಸ್ಯಾರ."

"ಆ ಸಾಸ್ವಿ ಇರಬಾರ್ದ್ರಿ. ಅದು ಸೀಸಾ ಮಾಡಿದ ಕೆಲಸ."

ಎದ್ದು ನಿಂತರು. ಕೋಟಿನ ತೋಳು ಮೇಲೆ ಸರಿಸಿದರು. "ಹಂಗಾರ ನನ್ನ ರಕ್ತಾನೂ ತಗೋರಿ. ಇಪ್ಪತ್ತೈದ ವರ್ಷದಿಂದ ದಿನಾ ಒಂದ ಗುಳಿಗಿ ನುಂಗೇನಿ. ನನ್ನ ರಕ್ತದಾಗ ಇದು ಸಿಕ್ಕರ ಈ ಮೀಸಿ ಬೋಳಸ್ತೇನಿ. ಸಿಗಲಿಲ್ಲಂದ್ರ ನೀವು ನನ್ನ ಕಡೆ ಒಂದ ವರ್ಷ ನಾಡಿ ಕಲೀಬೇಕು."

ಸೂಜಿ ಚುಚ್ಚಲು ಕೈ ಹಿಡಿದಾಗ ಅವರ ಅಂಗೈ ನನ್ನ ಕೈಗೆ ತಾಗಿತು. ಜೋಳದ ಕಾಳು ಹರಡಿದ ಹಾಗೆ ಗಟ್ಟಿ ಗಟ್ಟಿ ಗಂಟುಗಳು. "ಕುಲುಮಿ ಮುಂದ ಕುಂತ ಕೈರಿ ಅವು" ಎಂದರು. ಅಂಗಿಯ ಗುಂಡಿ ಬಿಚ್ಚಿಸಿ ನೋಡಿದೆ. ಎದೆಯ ತುಂಬ ಕಪ್ಪು ಬಿಳಿ ಚುಕ್ಕಿ. ಧೂಳಿನ ಮೇಲೆ ನಾಲ್ಕು ಹನಿ ಮಳೆ ಬಿದ್ದು ನಿಂತಂತೆ. ಅಂಗೈಯ ಗಂಟಿಗೂ ಎದೆಯ ಚುಕ್ಕಿಗೂ ಪಾಷಾಣವೇ ಕಾರಣವೆಂದು ನನಗೆ ಆಗಲೇ ತಿಳಿಯಿತು. ಪ್ರಯೋಗಾಲಯದ ಕಾಗದ ಬರಲೆಂದು ಬಾಯಿ ಮುಚ್ಚಿಕೊಂಡೆ. ಪಂದ್ಯ ಗೆಲ್ಲುವ ಆಸೆ ಆ ಕ್ಷಣಕ್ಕೇ ಹೊರಟುಹೋಗಿತ್ತು.

ಕಾಗದ ಬಂತು. ಓದಿ ಹೇಳಿದೆ. ಪಂಡಿತರು ಛತ್ರಿ ತೆಗೆದುಕೊಂಡು ಎದ್ದು ಹೋದರು. ಮೂರು ದಿನ ಬೇವಿನ ಗಿಡದ ಕೆಳಗೆ ಯಾರೂ ಇರಲಿಲ್ಲ. ರೋಗಿಗಳೇ ಒಳಗೆ ಬಂದು, "ಪಂಡಿತ್ರ ಎಲ್ಲೆದಾರ್ರಿ?" ಎಂದು ನನ್ನನ್ನು ಕೇಳಿದರು. ನಾಲ್ಕನೆಯ ದಿನ ಯಾರೋ ಅಪರಿಚಿತರು ಒಳಗೆ ಬಂದು ಕುರ್ಚಿಯ ಮೇಲೆ ಕೂತರು. ಮಾತು ಶುರುವಾದ ಮೇಲೆ ಗುರುತು ಸಿಕ್ಕಿತು. ಮೀಸೆ ಇರಲಿಲ್ಲ. ಮೇಲ್ತುಟಿ ಹಸುಗೂಸಿನ ಹಾಗೆ ಬಿಳಿ.

"ಬಸ್ ಸ್ಟ್ಯಾಂಡಿನಾಗ ಮಂದಿ, ಮನ್ಯಾಗ ಯಾರ ಹೋದ್ರ್ರಿ ಪಂಡಿತ್ರ ಅಂತ ಕೇಳಿದ್ರು. ನನ್ನ ಗುಳಿಗಿ ಹೋತು ಅಂದೆ."

ನಾನು ನಗಲಿಲ್ಲ. ಅವರೂ ನಗಲಿಲ್ಲ. ಆಮೇಲೆ ನೆಲ ನೋಡುತ್ತ ಕೇಳಿದರು: "ನಮ್ಮ ಗುರುಗಳು ನನಗ ಸುಳ್ಳ ಕಲಿಸಿದ್ರೇನ್ರಿ?"

"ಸುಳ್ಳಲ್ರಿ. ಅವರಿಗೆ ಗೊತ್ತಿರಲಿಲ್ಲ. ನೀಲಿ ಸಾಸ್ವಿ ನೋಡಾಕ ಅವರ ಹತ್ರ ಏನಿತ್ತು?"

"ಹೌದ್ರಿ. ಗೊತ್ತಿಲ್ದನ ಕೊಟ್ಟದ್ದು ಅವರದು. ಗೊತ್ತಾದ ಮ್ಯಾಲೂ ಸುಮ್ಮನ ಕುಂತ್ರ ಅದು ನಂದು." ಕುರ್ಚಿಯಿಂದ ಎದ್ದು, "ಎಷ್ಟ ಊರಿಗೆ ಹಂಚೇನ್ರಿ ನಾ! ಎಲ್ಲಾ ವಾಪಸ್ ತರಬೇಕು" ಎಂದರು.

ಮೊದಲು ಹೋದದ್ದು ಮೌಲಾಸಾಬನ ಅಂಗಡಿಗೆ. ಹುಬ್ಬಳ್ಳಿಯಿಂದ ಅವನು ವಾಪಸು ಬಂದಿದ್ದ. ಹೊಟ್ಟೆ ನೋವು ಇಳಿದಿತ್ತು, ಕೈ ಮಾತ್ರ ಇನ್ನೂ ಏಳುತ್ತಿರಲಿಲ್ಲ. ಪಂಡಿತರು ಎಲ್ಲರೆದುರಿಗೇ ಹೇಳಿದರು: "ನಿನ್ನ ಕೈ ಹಿಂಗಾಗಿದ್ದು ನನ್ನಿಂದ, ಮೌಲಾ."

ಮೌಲಾಸಾಬ ದೊಡ್ಡ ಮನುಷ್ಯ. "ಆದ್ರ ಮೊಳಕಾಲ ನೋವ ಖರೇನ ಕಡಿಮಿ ಆಗಿತ್ತ್ರಿ" ಎಂದ. ಮುಮ್ತಾಜ್ ಅಷ್ಟು ದೊಡ್ಡವಳಾಗಲಿಲ್ಲ. "ಮಷಿನ್ ನಾ ತುಳಿತೇನಿ. ಗುಂಡಿ ಹಚ್ಚಾಕ ನನಗ ಹೊತ್ತಿಲ್ಲ. ಪಂಡಿತ್ರು ಹಚ್ಚಲಿ" ಎಂದಳು. ಅಂದಿನಿಂದ ದಿನವೂ ಮಧ್ಯಾಹ್ನ ಪಂಡಿತರು ಆ ಅಂಗಡಿಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹಚ್ಚಿದರು. ಮಾತಿನ ಭರದಲ್ಲಿ ಗುಂಡಿ ಒಂದು ಕಡೆ, ಕಾಜ ಇನ್ನೊಂದು ಕಡೆ ಆಗುತ್ತಿತ್ತು. ಆ ವರ್ಷ ಗಜೇಂದ್ರಗಡದಲ್ಲಿ ಅರ್ಧ ಜನ ಒಂದು ಭುಜ ಏರಿಸಿಕೊಂಡೇ ಓಡಾಡಿದರು. ಮಳೆಗಾಲ ಮುಗಿಯುವ ಹೊತ್ತಿಗೆ ಮೌಲಾಸಾಬನ ಕೈ ಕತ್ತರಿಯನ್ನು ಎತ್ತುವಷ್ಟಾಯಿತು. ಅವನು ಮಾಡಿದ ಮೊದಲ ಕೆಲಸ ಪಂಡಿತರು ಹಚ್ಚಿದ ಗುಂಡಿಗಳನ್ನು ಕತ್ತರಿಸಿದ್ದು.

ಅಷ್ಟರಲ್ಲಿ ಗುಳಿಗೆ ವಾಪಸು ತರುವ ದಂಡಯಾತ್ರೆ ನಡೆದಿತ್ತು. ಪಂಡಿತರು ಒಂದು ಟಂಟಂ ಗಾಡಿಗೆ ಮೈಕು ಕಟ್ಟಿಸಿ ಸಂತೆಯ ದಿನ ತಾವೇ ಕೂಗಿದರು: "ನನ್ನ ಆನಿ ಗುಳಿಗಿ ಯಾರೂ ತಿನಬ್ಯಾಡ್ರಿ! ಅದರಾಗ ವಿಷ ಐತಿ. ಇದ್ದವರು ವಾಪಸ್ ಕೊಡ್ರಿ. ಒಂದ ಡಬ್ಬಿಗೆ ಎರಡ ಡಬ್ಬಿ ಅಜವಾನದ ಪುಡಿ ಕೊಡ್ತೇನಿ!"

ಒಂದು ಡಬ್ಬಿಯೂ ಬರಲಿಲ್ಲ. ಬದಲಿಗೆ ಊರಲ್ಲಿ ಬೇರೆಯೇ ಸುದ್ದಿ ಹಬ್ಬಿತು. ಪಂಡಿತರು ತಾವೇ ವಾಪಸು ಬೇಡುತ್ತಿದ್ದಾರೆಂದರೆ ಅದರಲ್ಲಿ ಏನೋ ಇದೆ. ಮುಂಬೈಯ ಯಾವುದೋ ಸೇಠ್ ಕೊಂಡುಕೊಳ್ಳುತ್ತಿರಬೇಕು. ಡಬ್ಬಿ ಇದ್ದವರು ಒಳಗೆ ಬಚ್ಚಿಟ್ಟರು. ಇಲ್ಲದವರು ಇದ್ದವರ ಮನೆಗೆ ಓಡಾಡಿದರು. ನರಗುಂದದ ಅರಳೆ ವ್ಯಾಪಾರಿಯೊಬ್ಬರು ಹತ್ತು ಡಬ್ಬಿಗಳನ್ನು ತಿಜೋರಿಯಲ್ಲಿ ಬಂಗಾರದ ಪಕ್ಕ ಇಟ್ಟು ಕೀಲಿ ಹಾಕಿದರಂತೆ.

ಪಂಡಿತರು ಕಂಗಾಲಾಗಿ ನನ್ನ ಮುಂದೆ ಕೂತರು. "ಮೂವತ್ತ ವರ್ಷ ನಾಡಿ ಹಿಡದೇನಿ, ಈ ಮಂದಿ ಮನಸ್ಸ ನನಗ ತಿಳೀಲಿಲ್ರಿ." ಆಮೇಲೆ ಏನೋ ಹೊಳೆದು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಬಾಯಾರ, ತಪ್ಪ ತಿಳೀಬ್ಯಾಡ್ರಿ, ನೀವು ಹೆಣ್ಣಮಕ್ಕಳು. ಈ ಸೀಸಾದಿಂದ ಗಂಡಸರಿಗೆ... ಆ ಬಾಬತ್ತಿನಾಗ... ಏನರ ಪೆಟ್ಟ ಐತೇನ್ರಿ?"

"ಐತ್ರಿ. ಸೀಸಾ ಹೆಚ್ಚಾದ್ರ ಗಂಡಸುತನಾನೂ ಕೆಡಿಸತೈತಿ. ಮಕ್ಕಳಾಗೂದೂ ತ್ರಾಸ."

ಪಂಡಿತರ ಮುಖ ದೀಪಾವಳಿಯಾಯಿತು. "ಇದನ್ನ ಮೊದಲ ಹೇಳಬಾರ್ದೇನ್ರಿ!"

ಮರುದಿನ ಮೈಕಿನಲ್ಲಿ ಒಂದೇ ಒಂದು ವಾಕ್ಯ ಬದಲಾಗಿತ್ತು. ಮೂರೇ ದಿನಗಳಲ್ಲಿ ಪಂಡಿತರ ಹಿತ್ತಲಿನ ಗೋಡೆಯ ಮೇಲಿಂದ ಪೇಪರಿನಲ್ಲಿ ಸುತ್ತಿದ ಡಬ್ಬಿಗಳು ಮಾವಿನ ಕಾಯಿಯಂತೆ ಉದುರತೊಡಗಿದವು. ಎಸೆದವರು ಯಾರೂ ಕಾಣಿಸಲಿಲ್ಲ. ಅಜವಾನದ ಪುಡಿ ಕೇಳಲೂ ಯಾರೂ ಬರಲಿಲ್ಲ. ನರಗುಂದದ ತಿಜೋರಿಯೂ ತೆರೆಯಿತು.

ಬೆಳವಣಕಿಯಲ್ಲಿ ಒಬ್ಬರು ಗೌಡರು ಮಾತ್ರ ಹಟ ಹಿಡಿದರು. ನಾನೂ ಆ ದಿನ ಜೊತೆಗಿದ್ದೆ. "ಆನಿ ಗುಳಿಗಿ ಅಂದ್ರ ಏನ್ರಿ? ನಾ ಹೆಸರ ಸುದ್ದಾ ಕೇಳಿಲ್ಲ" ಎಂದು ಮೀಸೆ ತಿರುವಿದರು. ಅವರ ಹೆಂಡತಿ ಒಳಗಿಂದ ಒಂದು ಡಬ್ಬಿ ಹಿಡಿದು ಬಂದರು. "ಇದ ಏನ್ರಿ? ಇವರು ನನಗ ಪೆಪ್ಪರಮೆಂಟ ಅಂತ ಹೇಳ್ಯಾರ. ಹಂದಿ ಚಿತ್ರ ಐತಿ ನೋಡ್ರಿ." ಗೌಡರಿಗೆ ಹೊಲದಲ್ಲಿ ತುರ್ತು ಕೆಲಸ ನೆನಪಾಯಿತು. ಪಂಡಿತರಿಗೆ ಹಂದಿ ಎಂದದ್ದಕ್ಕೆ ಬೇಸರವಾಯಿತು.

ಡಬ್ಬಿಗಿಂತ ದೊಡ್ಡ ತಲೆನೋವು ಅವರ ಹಿತ್ತಲು. ಇಷ್ಟು ವರ್ಷ ಸೀಸ ಕರಗಿಸಿ, ಸುಟ್ಟು, ಬೂದಿ ಚೆಲ್ಲಿದ್ದೆಲ್ಲ ಅಲ್ಲಿಯೇ. ನಾನು ನೋಡಲು ಹೋದಾಗ ಓಣಿಯ ಹುಡುಗಿಯರು ಆ ಮಣ್ಣಿನಲ್ಲಿ ಸಿಕ್ಕ ಸೀಸದ ಉಂಡೆಗಳಿಂದ ಆಣಿಕಲ್ಲು ಆಡುತ್ತಿದ್ದರು. ಅವರ ಕೈ ತೊಳೆಸಿ ಮನೆಗೆ ಕಳಿಸಿದೆ. ಒಬ್ಬೊಬ್ಬರ ರಕ್ತವನ್ನೂ ನೋಡಿಸಿದೆ. ಇಬ್ಬರಿಗೆ ಚಿಕಿತ್ಸೆ ಬೇಕಾಯಿತು. ಆ ಇಬ್ಬರ ಮನೆಗಳಿಗೆ ಪಂಡಿತರು ತಾವೇ ಹೋಗಿ ಬೈಸಿಕೊಂಡು ಬಂದರು. "ಭಾಳ ಚಂದ ಬೈದ್ರಿ" ಎಂದರು ನನಗೆ.

ಮಣ್ಣು ತೆಗೆಯುವುದು ಸುಲಭವಿರಲಿಲ್ಲ. ಧೂಳೆದ್ದರೆ ಉಸಿರಿನೊಳಗೆ ಹೋಗುತ್ತದೆ ಎಂದು ಮೊದಲು ನೀರು ಚಿಮುಕಿಸಿ ತೋಯಿಸಬೇಕು. ಮೂಗು ಬಾಯಿ ಮುಚ್ಚಿಕೊಂಡು ಗೇಣು ಆಳ ಅಗೆಯಬೇಕು. ಅಗೆದದ್ದನ್ನು ದಪ್ಪ ಪ್ಲಾಸ್ಟಿಕ್ ಹಾಸಿದ ಡ್ರಮ್ಮಿನಲ್ಲಿ ತುಂಬಬೇಕು. ಉಟ್ಟ ಬಟ್ಟೆ ಬೇರೆ ಒಗೆಯಬೇಕು. ಪಂಡಿತರು ಎಲ್ಲವನ್ನೂ ಕೇಳಿಸಿಕೊಂಡು, "ಆತ್ರಿ. ಆಮ್ಯಾಲ ಡ್ರಮ್ ಎಲ್ಲಿ ಚೆಲ್ಲೂದು?" ಎಂದರು.

ಕಸದ ಗಾಡಿಗೆ ಹಾಕುವಂತಿಲ್ಲ, ಹಳ್ಳಕ್ಕೆ ಚೆಲ್ಲುವಂತಿಲ್ಲ, ಹೊಲದಲ್ಲಿ ಹೂಳುವಂತಿಲ್ಲ. ಡಬ್ಬಿಗಳನ್ನೂ ಡ್ರಮ್ಮುಗಳನ್ನೂ ಅವರ ಹಳೆಯ ಕುಲುಮೆಯ ಕೋಣೆಯಲ್ಲಿಟ್ಟು ಬೀಗ ಹಾಕಿದೆವು. ಬಾಗಿಲ ಮೇಲೆ ಅಪಾಯದ ಗುರುತು ಬೇಕಿತ್ತು. ಆನೆ ಬರೆದ ಅದೇ ಪೇಂಟರ್ ಬಂದು ತಲೆಬುರುಡೆ ಬರೆದ. ಅದು ಬಂದವರನ್ನು ಚಹಾಕ್ಕೆ ಕರೆಯುವಂತೆ ನಗುತ್ತಿತ್ತು. ಜಿಲ್ಲೆಯ ಕಚೇರಿಗಳಿಗೆ ನಾನು ಬರೆದ ಪತ್ರಗಳಿಗೆ ಬೇರೆ ಕಚೇರಿಗೆ ಬರೆಯಿರಿ ಎಂಬ ಉತ್ತರ ಬರುತ್ತಿತ್ತು. ಕೊನೆಗೆ ಪಂಡಿತರೇ ಹೋಗಿ ಒಬ್ಬ ಸಾಹೇಬರ ಮುಂದೆ ಮುಂಜಾನೆಯಿಂದ ಸಂಜೆಯವರೆಗೆ ಕೂತು ಮಾತಾಡಿದರು. ಮರುವಾರವೇ ಲಾರಿ ಬಂತು. ಅಷ್ಟು ಬೇಗ ಹೇಗೆ ಒಪ್ಪಿದರೆಂದು ನಾನು ಕೇಳಿದಾಗ, "ನಾಳೆ ಮತ್ತ ಬರ್ತೇನಿ ಅಂದೆ, ಅಷ್ಟರಿ" ಎಂದರು. ಲಾರಿಯವರು ಡ್ರಮ್ಮುಗಳನ್ನು ಇಂಥ ವಿಷಕ್ಕೆಂದೇ ಮಾಡಿದ ಜಾಗಕ್ಕೆ ಒಯ್ದರು. ಹಿತ್ತಲಿಗೆ ದೂರದ ಹೊಲದಿಂದ ಹೊಸ ಕರಿಮಣ್ಣು ತರಿಸಿ ಹಾಕಿ, ಮೇಲೆ ಕಲ್ಲು ಹಾಸಿದರು.

ಇಷ್ಟರಿಂದ ಎಲ್ಲ ಮುಗಿದಿದ್ದರೆ ಇದು ಬರೀ ನಗುವ ಕಥೆಯಾಗುತ್ತಿತ್ತು.

ಪುರ್ತಗೇರಿಯಲ್ಲಿ ಶಾಂತವ್ವ ಎಂಬ ಅಜ್ಜಿಯ ಮನೆಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಅವಳು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟು, "ನಿಮ್ಮ ಗುಳಿಗಿ ನಮ್ಮ ಸೊಸಿ ಬಸರಿದ್ದಾಗಿಂದ ಕೊಟ್ಟೇನ್ರಿ ಪಂಡಿತ್ರ. ಕೂಸಿಗೂ ಜೇನಿನಾಗ ತೇದ ನೆಕ್ಕಿಸೇನಿ, ಗಟ್ಟಿ ಆಗಲಿ ಅಂತ" ಎಂದಳು. ಬಾಗಿಲ ಹಿಂದೆ ಮೊಮ್ಮಗಳು ಸವಿತಾ ನಿಂತಿದ್ದಳು. ನಾಲ್ಕು ವರ್ಷ. ಬಿಳಿಚಿದ ಮುಖ. ಮಾತೇ ಇಲ್ಲ. ಅವ್ವ, ನೀರು, ಬಾ, ಅಷ್ಟೇ.

ಸೀಸ ದೊಡ್ಡವರಿಗಿಂತ ಮಕ್ಕಳಿಗೆ ಕೇಡು. ಬೆಳೆಯುವ ಮಿದುಳಿಗೇ ಹೋಗಿ ಕೂರುತ್ತದೆ. ಹುಡುಗಿಯ ರಕ್ತದಲ್ಲಿ ಅದು ಸಿಕ್ಕಿತು. ಹುಬ್ಬಳ್ಳಿಯಲ್ಲಿ ಚಿಕಿತ್ಸೆ ಕೊಡಿಸಿದೆವು. ರಕ್ತದಲ್ಲಿದ್ದದ್ದು ಇಳಿಯಿತು, ಮುಖಕ್ಕೆ ಬಣ್ಣ ಬಂತು. ಮಾತು ಬರಲಿಲ್ಲ. ಪಂಡಿತರು ಬಸ್ಸಿನಲ್ಲಿ ನನ್ನನ್ನು ಕೇಳಿದರು.

"ಇದು ನನ್ನ ಗುಳಿಗೀದ ಕೆಲಸಾನ ಏನ್ರಿ? ಕೆಲವು ಕೂಸಿಗೆ ಮಾತ ತಡಾನ ಬರತೈತಲ್ರಿ?"

ಮಾತು ತಡವಾಗಿರಬಹುದು ಅಷ್ಟೇ ಎಂದು ಸಮಾಧಾನಕ್ಕೆ ಹೇಳಬಹುದಿತ್ತು. "ಪೂರಾ ಅದರದ ಅಂತ ಹೇಳಾಕ ಬರಂಗಿಲ್ರಿ. ಅದರದಲ್ಲ ಅಂತಾನೂ ಹೇಳಾಕ ಬರಂಗಿಲ್ಲ" ಎಂದೆ.

"ಮುಂದ ಬರತೈತೇನ್ರಿ ಮಾತು?"

"ಗೊತ್ತಿಲ್ಲ. ಅಕಿ ಜೋಡಿ ಯಾರರ ದಿನಾ ಕುಂತ ಮಾತಾಡಬೇಕು. ಹಾಡಬೇಕು, ಆಟ ಆಡಬೇಕು. ಅವ್ವ ಅಪ್ಪ ಇಬ್ರೂ ಹೊಲಕ್ಕ ಹೋಗ್ತಾರ. ಯಾರಿಗೆ ಪುರಸತ್ತ ಐತಿ?"

ಪಂಡಿತರು ಕಿಟಕಿಯಾಚೆ ನೋಡುತ್ತ, "ನನ್ನ ಔಷಧ ಎಲ್ಲಾ ಸುಳ್ಳಾತು. ಮಾತ ಒಂದ ಉಳದೈತ್ರಿ ನನ್ನ ಕಡೆ" ಎಂದರು.

ಎರಡು ವರ್ಷ ಅವರು ವಾರಕ್ಕೆ ಮೂರು ಸಲ, ನಾಲ್ಕು ಸಲ ಪುರ್ತಗೇರಿಗೆ ಹೋದರು. ಅವರ ಮೈಯೂ ಸರಿಯಿರಲಿಲ್ಲ. ಅಂಗೈಯಂತೆ ಅಂಗಾಲಿನಲ್ಲೂ ಇದ್ದ ಗಂಟುಗಳಿಂದಾಗಿ ನಡೆಯುವುದೇ ಕಷ್ಟ. ಅವನ್ನು ನಾನು ಆಗಾಗ ನೋಡಿ ಮುಲಾಮು ಕೊಡುತ್ತಿದ್ದೆ. ಶಾಂತವ್ವ ಮೊದಲ ತಿಂಗಳು ಅವರಿಗೆ ನೀರು ಕೊಡಲಿಲ್ಲ. ಎರಡನೆಯ ತಿಂಗಳು ನೀರು ಕೊಟ್ಟಳು. ಮುಂದಿನ ಮಳೆಗಾಲದ ಹೊತ್ತಿಗೆ ರೊಟ್ಟಿ ಕೊಟ್ಟಳು. ಪಂಡಿತರು ಕಟ್ಟೆಯ ಮೇಲೆ ಕೂತು ಹುಡುಗಿಗೆ ಕೋಟೆಯ ಗುಡ್ಡದ ಕಥೆ ಹೇಳಿದರು, ಮಂಗಗಳ ಕಥೆ ಹೇಳಿದರು, ಬದನೆಕಾಯಿಯ ಬಗೆಗಳನ್ನು ಹೇಳಿದರು, ತಮ್ಮ ಮೀಸೆ ಹೋದ ಕಥೆಯನ್ನು ನೂರು ಸಲ ಹೇಳಿದರು. ಹುಡುಗಿ ಕೇಳುತ್ತಿದ್ದಳೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಒಂದೊಂದು ತಿಂಗಳಿಗೆ ಒಂದೊಂದು ಶಬ್ದ ಬರುತ್ತಿತ್ತು. ರೊಟ್ಟಿ. ಎಮ್ಮೆ. ಬಸ್ಸು. ಪ್ರತಿ ಶಬ್ದಕ್ಕೂ ಪಂಡಿತರು ದವಾಖಾನೆಗೆ ಬಂದು ನನಗೆ ವರದಿ ಒಪ್ಪಿಸುವರು. "ಎಮ್ಮಿ ಅಂದ್ಲು ಬಾಯಾರ! ಸ್ವಚ್ಛ ಎಮ್ಮಿ!"

ನನಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವ ಮುಂಚಿನ ವಾರ, ಹುಡುಗಿಯನ್ನು ಕೊನೆಯ ಸಲ ನೋಡಿ ಬರೋಣವೆಂದು ಪಂಡಿತರ ಜೊತೆ ಪುರ್ತಗೇರಿಗೆ ಹೋದೆ. ಸವಿತಾ ಕಟ್ಟೆಯ ಮೇಲೆ ಕೂತು ಜೋಳದ ದಂಟಿನಿಂದ ಬಂಡಿ ಮಾಡುತ್ತಿದ್ದಳು. ಪಂಡಿತರು ಪಕ್ಕದಲ್ಲಿ ಕೂತು ಶುರು ಮಾಡಿದರು: ದಂಟು ಎಷ್ಟು ಬಗೆ, ಬಂಡಿ ಎಷ್ಟು ಬಗೆ, ತಾವು ಸಣ್ಣವರಿದ್ದಾಗ ಮಾಡಿದ ಬಂಡಿ ಹೇಗೆ ಗುಡ್ಡ ಹತ್ತಿತ್ತು. ಹುಡುಗಿ ಗಾಲಿ ಕೂರಿಸಲು ನೋಡುತ್ತಿದ್ದಳು, ಅದು ಕೂರುತ್ತಿರಲಿಲ್ಲ. ಪಂಡಿತರು ಗಾಲಿಯ ವಿಷಯಕ್ಕೆ ಬಂದರು. ಹುಡುಗಿ ದಂಟನ್ನು ಕೆಳಗಿಟ್ಟಳು. ಸೊಂಟದ ಮೇಲೆ ಕೈ ಇಟ್ಟು ಅವರ ಕಡೆ ತಿರುಗಿದಳು.

"ಎಷ್ಟ ಮಾತಾಡ್ತಿ ಅಜ್ಜಾ! ಸಾಕ, ಸುಮ್ಮನ ಕುಂಡ್ರು."

ಶಾಂತವ್ವ ಗಾಬರಿಯಾಗಿ, "ಹಂಗ ಅನಬಾರ್ದವಾ, ದೊಡ್ಡವರಿಗೆ..." ಎನ್ನುತ್ತ ಮುಂದೆ ಬಂದಳು. ಪಂಡಿತರು ಕೈ ಎತ್ತಿ ಅವಳನ್ನು ತಡೆದರು. ಬಾಯಿ ಮುಚ್ಚಿ, ಎರಡೂ ಕೈ ತೊಡೆಯ ಮೇಲಿಟ್ಟು, ಶಾಲೆಯ ಮೊದಲ ದಿನದ ಹುಡುಗನಂತೆ ನೆಟ್ಟಗೆ ಕೂತರು. ಹುಡುಗಿ ಮತ್ತೆ ಗಾಲಿಗೆ ತಿರುಗಿದಳು. ಈ ಸಲ ಗಾಲಿ ಕೂತಿತು.

ಅವಳು ಬಂಡಿ ಎಳೆದುಕೊಂಡು ಅಂಗಳ ದಾಟುವವರೆಗೂ ಅವರು ಕೂತೇ ಇದ್ದರು. ಕಣ್ಣು ಒರೆಸಿಕೊಂಡರು, ಆದರೆ ಮಾತಾಡಲಿಲ್ಲ. ಬಸ್ ಬಂತು. ಏರಿ ಕೂತೆವು. ಟಿಕೀಟು ಕೊಡಲು ಬಂದ ಕಂಡಕ್ಟರ್ ಒಂದು ಸಲ ಅವರನ್ನು, ಒಂದು ಸಲ ನನ್ನನ್ನು ನೋಡಿದ.

"ಪಂಡಿತ್ರಿಗೆ ಏನಾಗೇತ್ರಿ ಬಾಯಾರ? ಮಾತ ಬಂದ್ ಆಗೇತಲ್ಲ?"

ನಾನು ಅವರ ಕಡೆ ನೋಡಿದೆ. ಹೇಳಲು ತುಟಿಯ ತನಕ ಬಂದದ್ದನ್ನು ಒತ್ತಿ ಹಿಡಿದುಕೊಂಡು, ನಗು ತಡೆಯಲಾರದೆ, ಅವರು ಹೇಳಬೇಡಿರೆಂದು ನನಗೆ ಬೆರಳು ಅಲ್ಲಾಡಿಸಿದರು. ಗಜೇಂದ್ರಗಡ ಬರುವವರೆಗೂ ಹುಡುಗಿಯ ಅಪ್ಪಣೆ ಜಾರಿಯಲ್ಲಿತ್ತು.